ಸಹಿಗೆ ಮುಂಚೆ ಕೇಳಿದ ಪ್ರಶ್ನೆ

೧೯೭೯ರಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟು ನಂಜನಗೂಡಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಕೆಲಸಕ್ಕೆ ನಿಂತವನು ನಾನು. ೨೦೧೯ರಲ್ಲಿ ಹೆಂಡತಿಯ ಮಿದುಳಿನ ಗೆಡ್ಡೆಯನ್ನು ರೋಬೋಟ್ ತೋಳಿನ ನೆರವಿನಿಂದ ತೆಗೆಯುತ್ತೇವೆಂದರು ಬೆಂಗಳೂರಿನ ಆಸ್ಪತ್ರೆಯವರು. ಒಪ್ಪಿಗೆ ಸಹಿಗೆ ಹೋದರೆ ಕಿರಿಯ ಡಾಕ್ಟರು ಕಾಗದವನ್ನು ಹಿಂದಕ್ಕೆ ಎಳೆದುಕೊಂಡರು.

"ಇದೆಲ್ಲ ನಿಮಗೆ ಅರ್ಥ ಆಗಲ್ಲ. ಓದಿರೋರು ಯಾರಾದ್ರೂ ಇದ್ರೆ ಕಳಿಸಿ."

ಮೈ ಉರಿಯಿತು. "ಆ ತೋಳಿನ ಜಾಯಿಂಟಲ್ಲಿ ಲೂಸು ಎಷ್ಟದೆ ಸಾ? ಕೂದಲಷ್ಟು ಅಲುಗಿದ್ರೂ ನಮ್ಮ ಲೇತಲ್ಲಿ ಕಬ್ಬಿಣ ಕೆಡ್ತದೆ. ಇದು ನನ್ನ ಎಂಡ್ತಿ ತಲೆ."

ಅದು ಕಿರಿಯ ಡಾಕ್ಟರಿಗೆ ಗೊತ್ತಿರಲಿಲ್ಲ. ಒಳಗೆ ಕೂತು ಕೇಳಿಸಿಕೊಂಡಿದ್ದ ದೊಡ್ಡ ಡಾಕ್ಟರೇ ಎದ್ದು ಬಂದು, ಪ್ರತಿ ಆಪರೇಷನ್‌ಗೂ ಮುಂಚೆ ಆ ಅಲುಗಾಟವನ್ನು ಹೇಗೆ ಅಳೆಯುತ್ತಾರೆಂದು ಬಿಡಿಸಿ ಹೇಳಿದರು. ಆಮೇಲೆ ಸಹಿ ಹಾಕಿದೆ.

ಯಂತ್ರ ತನ್ನ ಕೆಲಸ ಸರಿಯಾಗಿ ಮಾಡಿತು. ಅಂಥ ವಿದ್ಯೆಯನ್ನು, ಅದನ್ನೇ ನಂಬಿ ತಮ್ಮವರ ತಲೆ ಒಪ್ಪಿಸುವವರಿಗೇ ವಿವರಿಸಲು ಬೇಸರಪಟ್ಟವರ ಮೇಲಿನ ಸಿಟ್ಟು ಮಾತ್ರ ಆರಿಲ್ಲ. ಈಗ ನನಗೆ ಎರಡು ಲೇತ್ ಇವೆ, ಒಂದು ಮನೆಯಿದೆ, ಹೆಂಡತಿ ಇದ್ದಾಳೆ.