ಮಡಿಸೀರೆ ಒಣಗದ ವಾರ

ಆ ವಾರ ನಾನು ಹತ್ತು ನಿಮಿಷ ಒಂದೇ ಕಡೆ ಕೂತ ನೆನಪಿಲ್ಲ. ಬಿಸಿಲನ್ನು ಬೈದುಕೊಂಡೇ ಬದುಕುವ ನಮ್ಮ ರಾಯಚೂರು ಸೀಮೆಯಲ್ಲಿ ಐದು ದಿನ ಸೂರ್ಯನ ಮುಖ ಕಂಡಿರಲಿಲ್ಲ. ಸಮುದ್ರದ ಕಡೆ ಎಲ್ಲೋ ವಾಯುಭಾರ ಕುಸಿದಿತ್ತಂತೆ. ಇಲ್ಲಿ ಜಿಟಿಜಿಟಿ ಮಳೆ, ಜೊತೆಗೆ ಕೊರೆಯುವ ಗಾಳಿ. ದೇವದುರ್ಗದ ಶಾಲೆಯಲ್ಲಿ ಗಣಿತ ಹೇಳುತ್ತಾ ನಿಂತರೆ ಮೊಣಕಾಲು ಒಳಗಿನಿಂದ ಜಗ್ಗುತ್ತಿತ್ತು. ಕೂತರೆ ಏಳುವುದು ಹೇಗೆಂಬ ಚಿಂತೆ. ಅದಕ್ಕೇ ಬೆಂಚುಗಳ ನಡುವೆ ಸುಮ್ಮನೆ ಓಡಾಡುತ್ತಿದ್ದೆ. ಮಕ್ಕಳು ನನ್ನನ್ನು ಭಾರಿ ಶಿಸ್ತಿನ ಟೀಚರು ಅಂದುಕೊಂಡಿರಬೇಕು.

ಆಗ ನನಗೆ ಐವತ್ತೆರಡು. ಕೀಲು ಸವೆಯಲು ಶುರುವಾಗಿದೆ, ಥಂಡಿ ತಾಗಿಸಬೇಡಿ, ನೆಲದ ಮೇಲೆ ಕೂರಬೇಡಿ, ನಡೆಯುವುದನ್ನು ಮಾತ್ರ ಬಿಡಬೇಡಿ ಎಂದು ರಾಯಚೂರಿನ ಡಾಕ್ಟರು ಹೇಳಿದ್ದರು. ಗಂಡನಿಗೆ ಬಿಟ್ಟರೆ ಯಾರಿಗೂ ತಿಳಿಸಿರಲಿಲ್ಲ. ಮಾನವಿಯಲ್ಲಿದ್ದ ಅಕ್ಕನಿಗಂತೂ ಇಲ್ಲವೇ ಇಲ್ಲ. ನನಗಿಂತ ಎಂಟು ವರ್ಷ ದೊಡ್ಡವಳು. ನೋವು ಎಂಬ ಮಾತು ಅವಳ ಬಾಯಲ್ಲಿ ನಾನು ಕೇಳಿದವಳಲ್ಲ.

ಶುಕ್ರವಾರ ಬೆಳಿಗ್ಗೆ ಅವಳ ಫೋನು ಬಂತು. "ನಾಳೆ ನಮ್ಮ ಮಾವನೋರ ಶ್ರಾದ್ಧ. ಸೊಸಿ ತವರಿಗೆ ಹೋಗ್ಯಾಳ. ಅಡಿಗಿಗೆ ಕೈ ಹಚ್ಚಲಿಕ್ಕೆ ಬರ್ತೀಯೇನು?"

ಬರುತ್ತೇನೆ ಎಂದೆ. ಭಾವ ಅಲ್ಲಿನ ದೇವಸ್ಥಾನದ ಅರ್ಚಕರು. ಅವರ ಮನೆಯಲ್ಲಿ ಶ್ರಾದ್ಧದ ಅಡುಗೆಗೆ ಮಡಿಸೀರೆ ಉಡಲೇಬೇಕು. ಹಿಂದಿನ ದಿನ ಒಗೆದು, ಯಾರೂ ಮುಟ್ಟದಂತೆ ಒಣಗಿಸಿದ ನೂಲಿನ ಸೀರೆ. ಒಣಗದಿದ್ದರೆ ಹಸಿಯದನ್ನೇ ಉಡಬೇಕು.

ಶಾಲೆ ಬಿಟ್ಟ ಮೇಲೆ ಸಿರವಾರದ ಮೇಲೆ ಹೋಗುವ ಬಸ್ಸು ಹತ್ತಿದೆ. ಕಿಟಕಿಯ ಗಾಜು ಎಷ್ಟು ಎಳೆದರೂ ಮುಚ್ಚಲಿಲ್ಲ. ದಾರಿಯುದ್ದಕ್ಕೂ ಎರಚಲು ಮೊಣಕಾಲಿಗೇ ಬಡಿಯಿತು. ಮಾನವಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿಯುವಷ್ಟರಲ್ಲಿ ಕಂಡಕ್ಟರನಿಗೆ ತಾಳ್ಮೆ ತಪ್ಪಿತು. "ಯವ್ವಾ, ಲಗೂ ಇಳೀರಿ, ಗಾಡಿ ಬಿಡಾಕತ್ತೀವಿ!"

ಅಕ್ಕನ ಮನೆಯ ನಡುಮನೆಯಲ್ಲಿ ಫ್ಯಾನಿನ ಕೆಳಗೆ ಎರಡು ಸೀರೆ ತೂಗುತ್ತಿದ್ದವು, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕ ಘಳಿಗೆಗೊಮ್ಮೆ ಬಂದು ಕತ್ತೆತ್ತಿ ನೋಡಿ ಹೋಗುತ್ತಿದ್ದಳು. ನಾನು ಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಬಾಗಿಲಿಗೆ ತಿರುಗುತ್ತಿದ್ದೆ.

"ಒಂದ ಕಡೆ ಕೂಡು. ಕಾಲಿಗೆ ಚಕ್ರ ಕಟ್ಕೊಂಡೀಯೇನು?"

"ಬಸ್ಸಿನ್ಯಾಗ ಕೂತು ಕೂತು ಬ್ಯಾಸರ ಆಗ್ಯದ," ಎಂದು ಸುಳ್ಳು ಹೇಳಿದೆ.

ಬೆಳಗಾದರೂ ಸೀರೆ ಒಣಗಲಿಲ್ಲ. ಇಬ್ಬರೂ ಸ್ನಾನ ಮಾಡಿ ಹಸಿಯದನ್ನೇ ಉಟ್ಟು ನೆಲದ ಮೇಲಿಟ್ಟ ಗ್ಯಾಸಿನ ಒಲೆಯ ಮುಂದೆ ಕೂತೆವು. ನೆಲಗಲ್ಲಿನ ಥಂಡಿ ನೇರ ಎಲುಬಿಗೆ ಇಳಿಯಿತು. ನಾನು ಕಾಯಿ ತುರಿಯುತ್ತಿದ್ದೆ, ಅಕ್ಕ ವಡೆ ತಟ್ಟುತ್ತಿದ್ದಳು. ಹಿಟ್ಟು ಅವಳ ಕೈಯಿಂದ ಜಾರಿ ಜಾರಿ ಬೀಳುತ್ತಿತ್ತು. ನಾನು ನೋಡುತ್ತಿಲ್ಲವೆಂದುಕೊಂಡು ಅವಳು ಬೆರಳುಗಳನ್ನು ಅನ್ನದ ಹಬೆಗೆ ಹಿಡಿದಳು. ಗೆಣ್ಣುಗಳು ಊದಿಕೊಂಡು ಕೆಂಪಾಗಿದ್ದವು.

"ಅಕ್ಕಾ, ಬೆರಳಿಗೆ ಏನಾಗ್ಯದ?"

"ಏನಿಲ್ಲ. ಹಿಟ್ಟು ನೀರಾಗ್ಯದ."

ನಾನೇ ತಟ್ಟೋಣವೆಂದು ಏಳಹೋದೆ. ಮೊಣಕಾಲು ಹಿಡಿದುಕೊಂಡಿತು. ಗೋಡೆಗೆ ಕೈ ಕೊಟ್ಟು ಅರ್ಧ ಎದ್ದವಳು ಧೊಪ್ಪನೆ ಮತ್ತೆ ಕೂತೆ. ಅಕ್ಕ ನನ್ನ ಮುಖವನ್ನೇ ನೋಡಿದಳು.

"ನಿನಗೂನಾ? ಎಷ್ಟ ದಿನ ಆತು?"

"ಎರಡ ವರ್ಷ. ನಿನಗ?"

"ನಾಕು."

ನನಗೆ ಸಿಟ್ಟು ಬಂತು. "ನಾಕು ವರ್ಷ ಯಾರಿಗೂ ಹೇಳದ ಹಿಂಗ ಹಸೀ ಸೀರಿ ಉಡ್ಲಿಕತ್ತೀಯಾ?"

"ನನ್ನ ಕಡೆ ಆಗೂದಿಲ್ಲ ಅಂದ್ರ ಈ ಒಲಿ ಮುಂದ ಇನ್ಯಾರು ಕೂಡ್ತಾರ?" ಎಂದಳು.

ಹೊಸ್ತಿಲ ಆಚೆ ನಿಂತಿದ್ದ ಭಾವ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಳಗೆ ಹೋಗಿ, ಪೆಟ್ಟಿಗೆ ತೆಗೆದು ಎರಡು ಧಾಬಳಿ ತಂದಿಟ್ಟರು. ಧಾಬಳಿ ಎಂದರೆ ಮಡಿಗೆ ಉಡುವ ಉಣ್ಣೆಯ ಬಟ್ಟೆ. ಅಕ್ಕ ಒಪ್ಪಲಿಲ್ಲ. "ಮಾವನೋರ ಶ್ರಾದ್ಧಕ್ಕ ಧಾಬಳಿ ಉಟ್ಟು ಅಡಿಗಿ ಮಾಡೂದಾ?"

"ಅಪ್ಪಾರು ಮುಪ್ಪಿನ್ಯಾಗ ಚಳಿ ತಡೀಲಾರದ ಇದನ್ನ ಉಟ್ಟೇ ಪೂಜಿ ಮಾಡ್ಯಾರ. ಅವರಿಗೆ ನಡೀತು, ನಿನಗ ನಡೀಂಗಿಲ್ಲೇನು?"

ಅಕ್ಕ ಒಂದು ಧಾಬಳಿ ಎತ್ತಿಕೊಂಡಳು. ಎದ್ದು ಹೋಗಿ ಉಟ್ಟುಕೊಂಡು ಬಂದಳು, ಇನ್ನೊಂದನ್ನು ನಾನು ಉಟ್ಟೆ. ಉಣ್ಣೆ ಮೈಯೆಲ್ಲ ಚುಚ್ಚಿದರೂ ಕಾಲಿಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಭಾವ ಒಲೆಯನ್ನು ಕಟ್ಟೆಯ ಮೇಲೆ ಏರಿಸಿದ್ದರು. ನಾವು ನಿಂತೇ ಅಡುಗೆ ಮುಗಿಸಿದೆವು, ನಾನು ತಟ್ಟಿದೆ, ಅವಳು ಕರಿದಳು. ಎಲೆ ಹಾಕುವುದು ತಡವಾಯಿತು. ಊಟಕ್ಕೆ ಬಂದ ಆಚಾರ್ಯರು ತಡವೇಕೆಂದು ಕೇಳಲಿಲ್ಲ.

ಮಧ್ಯಾಹ್ನ ಅಕ್ಕ ಉಪ್ಪು ಹುರಿದು, ಗಂಟು ಕಟ್ಟಿ ನನ್ನ ಮೊಣಕಾಲಿಗೆ ಶಾಖ ಕೊಟ್ಟಳು. ನಾನು ಅವಳ ಬೆರಳಿಗೆ ಬೆಚ್ಚನೆಯ ಎಣ್ಣೆ ಸವರಿದೆ. ಆದರೂ ಒಂದೆಡೆ ಕೂರಲಾಗದೆ ಮತ್ತೆ ಎದ್ದೆ. ಈ ಸಲ ಅವಳು ಬೈಯಲಿಲ್ಲ. ತಾನೂ ಎದ್ದು ನನ್ನ ಜೊತೆ ನಡುಮನೆಯಲ್ಲಿ ತಿರುಗತೊಡಗಿದಳು.

ಮುಂದಿನ ವಾರ ಅವಳನ್ನು ರಾಯಚೂರಿಗೆ ಕರೆದೊಯ್ದು ನನ್ನ ಡಾಕ್ಟರಿಗೇ ತೋರಿಸಿದೆ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, ಇವರದು ನಿಮ್ಮಂಥ ಸವೆತವಲ್ಲ, ಬೇರೆಯೇ ವಾತ, ಇಷ್ಟು ವರ್ಷ ಬಿಡಬಾರದಿತ್ತು ಎಂದರು. ನಾನು ಮೊದಲೇ ಬಾಯಿ ಬಿಟ್ಟಿದ್ದರೆ ಅವಳೂ ಬಿಡುತ್ತಿದ್ದಳೇನೋ ಎಂಬುದು ಈಗಲೂ ಚುಚ್ಚುತ್ತದೆ. ಗುಳಿಗೆಯಿಂದ ಊತ ಇಳಿದಿದೆ. ಅಷ್ಟರಲ್ಲೇ ವಕ್ರವಾಗಿದ್ದ ಎರಡು ಬೆರಳು ಹಾಗೇ ಇವೆ. ಬರುವ ಶ್ರಾದ್ಧಕ್ಕೆ ಅಡುಗೆಯವರನ್ನು ಕರೆಸೋಣ ಎಂದು ಭಾವ ಹೇಳುತ್ತಲೇ ಇದ್ದಾರೆ. ಅಕ್ಕ ಇನ್ನೂ ಹೂಂ ಅಂದಿಲ್ಲ.