ಅತ್ತೆಯ ಎಣ್ಣೆಯ ಮೇಲೆ ನಾನು ಹೊರಿಸಿದ್ದು

ತಂಗೀ, ನಿನ್ನ ಮುಖ ಸುಟ್ಟದ್ದು ಅತ್ತೆಯ ಎಣ್ಣೆಯಿಂದಲ್ಲ. ನನ್ನಿಂದ. ಮೊದಲೇ ಹೇಳಿಬಿಡುತ್ತೇನೆ — ಸುತ್ತಿ ಬಳಸಿ ಹೋದರೆ ಮತ್ತೆ ಬಚ್ಚಿಟ್ಟೇನು.

ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಮುಖದ ಎಣ್ಣೆ ಕಾಯಿಸುವುದು ಅತ್ತೆಯ ಕೆಲಸ. ಅಪ್ಪನ ಅಕ್ಕ, ಗಂಡ ಸತ್ತ ಮೇಲೆ ನಾಂದಣಿಯಿಂದ ಬಂದು ನಮ್ಮಲ್ಲೇ ಉಳಿದವಳು. ಕುಸುಬಿ ಎಣ್ಣೆಗೆ ಅರಿಶಿಣ, ಕಚೋರದ ಬೇರು ಹಾಕಿ ಕಾಯಿಸುತ್ತಿದ್ದಳು. ಸಂಜೆ ನಮ್ಮಿಬ್ಬರ ಮುಖಕ್ಕೂ ಅದನ್ನು ತಿಕ್ಕಿ, ಕಡಲೆಹಿಟ್ಟಿನಿಂದ ಒರೆಸುವಳು. “ಇಚಲಕರಂಜಿಯವರು ಮಗ್ಗದ ಮಂದಿ. ನೂಲಿನಾಗ ಗಂಟ ಹುಡುಕಿದಂಗ ಮುಖದಾಗ ಮಚ್ಚಿ ಹುಡುಕತಾರ,” ಎಂದು ನನ್ನ ಗಲ್ಲ ಹಿಂಡುತ್ತಿದ್ದಳು.

ಅವರು ನೋಡಲು ಬಂದದ್ದು ನನ್ನನ್ನು. ನೀನು ನೀರು ತಂದೆ, ಅಷ್ಟೇ. ಹೋಗುವಾಗ ಹುಡುಗನ ತಾಯಿ ಅವ್ವನನ್ನು ಕೇಳಿದಳು, “ನೀರ ತಂದಾಕಿ ಯಾರ್ರೀ?” ಆಮೇಲೆ ಅವರಿಂದ ಸುದ್ದಿ ಬಂತು — ಮುಂದಿನ ಸಂತೆಯ ದಿನ ಬಂದು ಚಿಕ್ಕವಳನ್ನು ನೋಡುತ್ತಾರಂತೆ. ನನಗೆ ಆಗ ಏನನ್ನಿಸಿತೋ — ಏನೂ ಅನ್ನಿಸಲಿಲ್ಲ. ಕೊಟ್ಟಿಗೆ ಗುಡಿಸಿದೆ.

ಸಂತೆಗೆ ಇನ್ನೇನು ಎರಡು ದಿನವಿತ್ತು. ನನ್ನ ಹಿಮ್ಮಡಿ ಒಡೆದಿತ್ತು. ಒಡಕಿಗೆ ಹಚ್ಚಲು ಬಿಬ್ಬಾ ಸುಟ್ಟು — ಅಗಸರು ಬಟ್ಟೆಗೆ ಗುರುತು ಹಾಕುವ ಆ ಕಪ್ಪು ಬೀಜ — ಅದರ ರಸವನ್ನು ಬೇರೊಂದು ಬಟ್ಟಲಿನ ಎಣ್ಣೆಗೆ ಇಳಿಸಿ, ಆರಲೆಂದು ಗೋಡೆಯ ಗೂಡಿನಲ್ಲಿಟ್ಟೆ. ಎಳೆ ಚರ್ಮಕ್ಕೆ ತಾಗಿದರೆ ಅದು ಬೊಬ್ಬೆ ಎಬ್ಬಿಸುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅತ್ತೆಯ ಕಣ್ಣು ಮಂದ. ಮುಖದ ಎಣ್ಣೆಯೆಂದು ಆ ಬಟ್ಟಲನ್ನೇ ನಿನ್ನ ಕೈಗೆ ಕೊಟ್ಟು ಎಮ್ಮೆ ಹಿಂಡಲು ಹೋದಳು. ಇಲ್ಲಿಯವರೆಗೆ ಅದು ಬರಿಯ ತಪ್ಪು. ನೀನು ಬಟ್ಟಲು ನೋಡಿ ನನ್ನನ್ನು ಕೇಳಿದೆ.

“ಅಕ್ಕಾ, ಎಣ್ಣಿ ಇಷ್ಟ ಕರ್ರಗ ಯಾಕೈತಿ?”

“ಅತ್ತಿ ಕಚೋರ ಹುರದ ಹಾಕ್ಯಾಳ. ಹಚ್ಕೋ.”

ನೀನು ಹಚ್ಚಿಕೊಂಡೆ. ನಾನು ನೋಡುತ್ತ ನಿಂತಿದ್ದೆ.

ಮರುದಿನ ನಿನ್ನ ಕಣ್ಣು ತೆರೆಯಲಿಲ್ಲ. ಮುಖವೆಲ್ಲ ನೀರುಬೊಬ್ಬೆ. ಸಿಡುಬಿನ ದೇವಿ ಬಂದಾಳೆಂದು ಅವ್ವ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಇಚಲಕರಂಜಿಯವರಿಗೆ ಸುದ್ದಿ ಮುಟ್ಟಿತು. ಅವರು ಬರಲೇ ಇಲ್ಲ. ಬೊಬ್ಬೆ ಒಡೆದು ಕಪ್ಪು ಕಲೆ ನಿಂತಾಗ ಇದು ದೇವಿಯಲ್ಲವೆಂದು ಅಪ್ಪನಿಗೆ ತಿಳಿಯಿತು. ಎಣ್ಣೆಗೆ ಏನು ಹಾಕಿದ್ದರೆಂದು ಕೇಳಿದ. ನಾನು ಹೇಳಿದ್ದನ್ನೇ ನೀನು ಹೇಳಿದೆ. ಅತ್ತೆ ತನ್ನ ಅಂಗೈ ನೋಡಿಕೊಂಡಳು.

“ಹುರದಿಲ್ಲೋ ತಮ್ಮಾ,” ಎಂದಳು. ಅಂಗೈಯನ್ನು ಸೆರಗಿಗೆ ಒರೆಸಿ, “ಹುರದಿರಬೇಕು. ಈಗೀಗ ನೆನಪ ಉಳಿಯೂದಿಲ್ಲ.”

ಆಗಲೂ ನಾನು ಬಾಯಿ ತೆರೆಯಲಿಲ್ಲ. ಯಾರೂ ಅವಳನ್ನು ಹೋಗೆನ್ನಲಿಲ್ಲ. ತಾನೇ ನಾಂದಣಿಗೆ ಹೋದಳು — ಅವಳು ಬೇಡವಾಗಿದ್ದ ಮೈದುನರ ಮನೆಗೆ. ಅಲ್ಲಿ ತನ್ನ ತಲೆಗೂ ಎಣ್ಣೆ ಮುಟ್ಟಿಸಲಿಲ್ಲವಂತೆ. ಅಲ್ಲೇ ತೀರಿಕೊಂಡಳು. ನನ್ನನ್ನು ಕೊಲ್ಹಾಪುರಕ್ಕೆ ಕೊಟ್ಟರು, ನಿನ್ನನ್ನು ಉದಗಾಂವದವನೊಬ್ಬನಿಗೆ ಎರಡನೆಯ ಹೆಂಡತಿಯಾಗಿ. ನೀನು ಒಂದು ದಿನವೂ ದೂರಲಿಲ್ಲ.

ಮೊನ್ನೆ ನಿನ್ನ ಮಗಳ ಮದುವೆಯಲ್ಲಿ ನೀನು ಅರಿಶಿಣವನ್ನು ಬರಿ ನೀರಿನಲ್ಲಿ ಕಲಸಿದೆ. ಎಣ್ಣೆ ಎಲ್ಲಿ ಎಂದು ಹೆಂಗಸರು ಕೇಳಿದ್ದಕ್ಕೆ ಗಲ್ಲ ತೋರಿಸಿದೆ. “ನಮ್ಮತ್ತಿ ಕೈಯೆಣ್ಣಿ ಕಂಡ ಮುಖ ಇದು, ನೋಡ್ರಿ. ನನ್ನ ಮಗಳಿಗೆ ಬ್ಯಾಡ.” ಎಲ್ಲರೂ ನಕ್ಕರು. ತಂಗೀ, ನಾನೂ ನಕ್ಕೆ.

ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಅತ್ತೆ ಕಚೋರ ಹುರಿದಿರಲಿಲ್ಲ. ಅವಳ ನೆನಪು ಸರಿಯಾಗಿಯೇ ಇತ್ತು — ಅದನ್ನು ಅವಳಿಗೆ ಹೇಳಬಹುದಾಗಿದ್ದವಳು ನಾನೊಬ್ಬಳೇ.

ಬರುವ ಸೋಮವಾರ ಉದಗಾಂವಕ್ಕೆ ಬರುತ್ತೇನೆ. ಅಂದು ನಕ್ಕ ಹೆಂಗಸರನ್ನು ಕರೆಸು, ಮಗಳನ್ನೂ ಕರೆಸು. ಅವರೆದುರಿಗೆ ಅತ್ತೆಯ ಹೆಸರು ಹಿಡಿದು, ತಪ್ಪು ಅವಳದಲ್ಲ, ನನ್ನದೆಂದು ಹೇಳುತ್ತೇನೆ. ಆಮೇಲೆ ನೀನು ಒಳಗೆ ಕರೆದರೆ ಬರುತ್ತೇನೆ. ಕರೆಯದಿದ್ದರೆ ಅಂಗಳದಿಂದಲೇ ಹೋಗುತ್ತೇನೆ.