ಓರೆ ದವಡೆಯ ರಕ್ಕಸ

ಮದುವೆಯಾಗಿ ಬೈರಕೂರಿನ ಪಕ್ಕದ ಹಳ್ಳಿಗೆ ಬಂದ ಮೇಲೆ ನಾನು ನಮ್ಮ ಮಾವನ ಮುಖವನ್ನ ನೆಟ್ಟಗೆ ನೋಡಿದ್ದು ನಾಟಕದಲ್ಲಿ ಮಾತ್ರ. ನಮ್ಮ ಮನೆಗಳಲ್ಲಿ ಸೊಸೆ ಮಾವನ ಎದುರಿಗೆ ನಿಲ್ಲುತ್ತಿರಲಿಲ್ಲ, ತಲೆ ಎತ್ತಿ ಮಾತಾಡುತ್ತಿರಲಿಲ್ಲ. ಅವರು ಪಡಸಾಲೆಗೆ ಬಂದರೆ ನಾನು ಅಡುಗೆಮನೆಗೆ, ಅವರು ಹೊಲಕ್ಕೆ ಹೋದರೆ ನಾನು ಪಡಸಾಲೆಗೆ. ಮನೆಯಲ್ಲಿ ನನಗೆ ಗೊತ್ತಿದ್ದದ್ದು ಅವರ ಪಾದ, ಅವರ ಕೆಮ್ಮು, ಅವರು ಉಂಡು ಬಿಟ್ಟ ತಟ್ಟೆ, ಅಷ್ಟೆ. ಆದರೆ ನಾಟಕದ ದಿನ ಅವರು ಮಾವ ಅಲ್ಲ, ರಕ್ಕಸ. ರಕ್ಕಸನ್ನ ನೋಡಬೇಡ ಅಂತ ಯಾವ ಶಾಸ್ತ್ರದಲ್ಲೂ ಹೇಳಿಲ್ಲವಲ್ಲ. ಹೆಂಗಸರ ನಡುವೆ ಚಾಪೆ ಹಾಕಿಕೊಂಡು ಕೂತು ಕಣ್ತುಂಬ ನೋಡುತ್ತಿದ್ದೆ.

ನಮ್ಮೂರಲ್ಲಿ ಪಾತ್ರಗಳು ಮನೆಗಳಿಗೆ ಸೇರಿದ್ದವು. ರಾಜ ಮೇಲಿನ ಬೀದಿಯವರ ಮನೆಗೆ, ಮಂತ್ರಿ ಬಾವಿ ಹತ್ತಿರದವರ ಮನೆಗೆ, ಯಾವ ನಾಟಕ ಆಡಲಿ ರಕ್ಕಸ ಮಾತ್ರ ನಮ್ಮ ಮನೆಗೆ. ಹೊಲ ಭಾಗವಾದಾಗ ಅಣ್ಣನಿಗೆ ನೀರಾವರಿಯ ತರಿ, ನನಗೆ ಮಳೆ ನಂಬಿದ ಖುಷ್ಕಿ ಜೊತೆಗೆ ರಕ್ಕಸ ಬಂದ ಅಂತ ಮಾವ ಹೇಳಿಕೊಂಡು ತಿರುಗುತ್ತಿದ್ದರು. ಅವರ ಮಾತಿಗಿಂತ ಅವರ ನಗುವಿಗೆ ಜನ ಬರುತ್ತಿದ್ದರು. ಆ ನಗು ಹೊಟ್ಟೆಯಲ್ಲಿ ಶುರುವಾಗಿ ಮೇಲೆ ಬರೋಷ್ಟರಲ್ಲಿ ಮಡಿಲಲ್ಲಿದ್ದ ಮಕ್ಕಳು ತಾಯಿಯ ಸೆರಗಿನೊಳಗೆ ನುಗ್ಗುತ್ತಿದ್ದವು. ನನಗೂ ಎದೆ ಝಲ್ ಅನ್ನೋದು. ಇದೇ ಬಾಯಿಗಾ ನಾನು ಬೆಳಿಗ್ಗೆ ಮುದ್ದೆ ಬಡಿಸಿದ್ದು ಅಂತ ಅನ್ನಿಸೋದು.

ಎಂಬತ್ತರ ದಶಕದ ಮಧ್ಯದಲ್ಲಿ ಒಂದು ಬೇಸಿಗೆ ಅವರಿಗೆ ಲಕ್ವ ಹೊಡೆಯಿತು. ಕಾಲು ಕೈ ಸ್ವಲ್ಪ ಸ್ವಲ್ಪ ವಾಪಸ್ಸು ಬಂದವು, ಮುಖ ಬರಲಿಲ್ಲ. ಎಡಗಡೆ ಕೆಳಗಿಳಿದು ಅಲ್ಲೇ ನಿಂತುಬಿಟ್ಟಿತು. ಮಾತು ಹೋಯಿತು, ಉಳಿದದ್ದು ನಾಲ್ಕೈದು ತೆಲುಗು ಪದ. ಸಿಟ್ಟಿಗೂ ಮುದ್ದಿಗೂ ನಮ್ಮ ಮನೆಯಲ್ಲಿ ಮೊದಲಿಂದ ತೆಲುಗೇ, ಅದಕ್ಕೆ ಅವು ಉಳಿದವೋ ಏನೋ. ಆವತ್ತಿಂದ ಮಾವ ಟವಲ್ಲನ್ನ ಮೂಗಿನ ಮೇಲಿಂದ ಸುತ್ತಿಕೊಂಡು ರಾಗಿ ತುಂಬಿಡೋ ಮಣ್ಣಿನ ವಾಡೆಗಳ ಹಿಂದಿನ ಕತ್ತಲೆ ಕೋಣೆ ಸೇರಿಕೊಂಡರು. ಜಗಲಿಗೆ ಬರೋದಿಲ್ಲ. ಊಟ ಗೋಡೆಗೆ ಮುಖ ಮಾಡಿಕೊಂಡು. ಯಾರಾದರೂ ನೋಡೋಕೆ ಬಂದರೆ ಕೋಲಿನಿಂದ ಬಾಗಿಲು ತಳ್ಳಿಬಿಡೋರು. ಸಂತೆ, ಮದುವೆ, ತಾಲೀಮು ಅಂತ ಮನೆಯಲ್ಲಿ ನಿಲ್ಲದಿದ್ದ ಮನುಷ್ಯ ಹಾಗೆ ಕೂತದ್ದು ನನಗೆ ಸಹಿಸೋಕಾಗುತ್ತಿರಲಿಲ್ಲ. ನನಗೇನು ಹೇಳುವ ಹಕ್ಕಿತ್ತು, ಸೊಸೆ. ಪಾತ್ರೆ ಕುಕ್ಕಿ ಕುಕ್ಕಿ ತೊಳೆಯುತ್ತಿದ್ದೆ.

ಮಳೆಗಾಲ ಕಳೆದು ನಾಟಕದ ಮಾತು ಬಂತು. ಪಾತ್ರ ನಮ್ಮ ಮನೆಯದು, ಬೇರೆಯವರು ಮುಟ್ಟೋ ಹಾಗಿಲ್ಲ. ಮುಟ್ಟಬೇಕಾದವರು ನಮ್ಮ ಯಜಮಾನರು. ಅವರದೋ ಕೋಳಿಮರಿ ದನಿ, ಗಂಟಲು ಬಿಚ್ಚಿ ಕೂಗಿದರೆ ಎಮ್ಮೆಯೂ ತಿರುಗಿ ನೋಡೋದಿಲ್ಲ. ಮೈ ನೋಡಿದರೆ ಹಿಪ್ಪುನೇರಳೆ ಕಡ್ಡಿ. ಆಗ ಉಪಾಯ ಹೇಳಿದವನು ನನ್ನ ತಮ್ಮ. ಅವನು ಮಾಲೂರಿನ ಹತ್ತಿರ ಒಂದು ಫೈಬರ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ನೀರಿನ ತೊಟ್ಟಿ, ಛತ್ರದ ಬಾಗಿಲಿಗೆ ಆನೆ, ಪಾರ್ಕಿಗೆ ಜಿಂಕೆ, ಎಲ್ಲ ರೆಸಿನ್ ಅನ್ನೋ ಅಂಟಿನಲ್ಲಿ ಮಾಡೋರು. "ಅಕ್ಕ, ಎದೆವರೆಗೆ ಒಂದು ರಕ್ಕಸನ್ನ ಮಾಡಿಕೊಡ್ತೀನಿ. ಒಳಗೆ ಟೊಳ್ಳು. ಬೆಂಚಿನ ಮೇಲೆ ಇಟ್ಟು ಭಾವ ಹಿಂದೆ ಕೂತು ಮಾತಾಡಿದ್ರೆ ಆಯ್ತು. ಯಾರಿಗ್ ಗೊತ್ತಾಗುತ್ತೆ?" ಅಂದ.

ಅವನು ಬಂದದ್ದು ಬಸ್ಸಿನ ಟಾಪಿನ ಮೇಲೆ ಮೂಟೆ ಹಾಕಿಕೊಂಡು. ಕೋಲಾರದಲ್ಲಿ ಇಳಿಸಿ, ಮುಳಬಾಗಿಲಲ್ಲಿ ಇಳಿಸಿ, ಮತ್ತೆ ಹತ್ತಿಸಿ. ಮೂಟೆಯಿಂದ ಹೊರಗೆ ನಿಂತಿದ್ದ ಕೊಂಬು ಮುಟ್ಟಿ ನೋಡಿದ ಕಂಡಕ್ಟರು ಇದೇನಯ್ಯ ಅಂದದ್ದಕ್ಕೆ, ನಮ್ಮ ಭಾವನ ಮನೆಯವರು ಅಂದನಂತೆ. ಇಂಥಾ ಬಾಯಿ ಅವನದು.

ಸಾರಿಸಿದ ನೆಲದ ಮೇಲೆ ಒಂದೊಂದೇ ತುಂಡು ಜೋಡಿಸಿಟ್ಟ. ಕಿರೀಟ ಕೂಡಿದ ಹಣೆ, ಎರಡು ಕೊಂಬು, ಮುಖದ ಮೇಲರ್ಧ, ದವಡೆ ಬೇರೆ, ಕಿವಿ ಬೇರೆ, ಹೆಗಲಿನ ಎರಡು ಹೋಳು, ಸರ ಹೊತ್ತ ಎದೆ. ಮೊದಲು ಜೇಡಿಮಣ್ಣಿನಲ್ಲಿ ಮಾಡಿ, ಅದರಿಂದ ಅಚ್ಚು ತೆಗೆದು, ಅಚ್ಚಿನೊಳಗೆ ಗಾಜಿನ ನೂಲಿನ ಬಟ್ಟೆ ಹಾಸಿ ರೆಸಿನ್ ಸವರಿ ತೆಗೆದ ತುಂಡುಗಳು. ಬೆಲ್ಲದ ಪಾಕದ ಬಣ್ಣ. ಹಣೆಯ ತುಂಡನ್ನ ಬಿಸಿಲಿಗೆ ಎತ್ತಿ ಹಿಡಿದರೆ ಬೆಳಕು ಆಚೆಯಿಂದ ಈಚೆಗೆ ಬಂತು. ಹುಬ್ಬಿನ ಗಂಟು, ಮೂಗಿನ ಮೇಲಿನ ಮಡಿಕೆ, ಕಿರೀಟದ ಒಂದೊಂದು ಹೂವು, ಎಲ್ಲ ಇತ್ತು. ಚಿಕ್ಕಂದಿನಲ್ಲಿ ಮೂಗು ಒರೆಸಿಕೊಳ್ಳೋಕೆ ಬಾರದ ನನ್ನ ತಮ್ಮ ಇದನ್ನ ಮಾಡಿದನಾ ಅಂತ ಬಾಯಿ ಬಿಟ್ಟುಕೊಂಡು ನೋಡಿದೆ. ಅವನ ಕೈ ಹಿಡಿದು ತಿರುಗಿಸಿ ನೋಡಿದೆ, ಅವನಿಗೆ ನಾಚಿಕೆಯಾಯಿತು.

ಇನ್ನು ಅಂಟಿಸುವ ಕೆಲಸ. ರೆಸಿನ್ನಿಗೆ ಹಾರ್ಡನರ್ ಅಂತ ಇನ್ನೊಂದು ನೀರಿನಂಥದ್ದು ಬೆರೆಸಬೇಕು, ಬೆರೆಸಿದರೆ ಗಟ್ಟಿಯಾಗುತ್ತೆ. ತಮ್ಮ ನಮಗೆ ತಿಳಿಯಲಿ ಅಂತ, "ಹಾಲಿಗೆ ಹೆಪ್ಪು ಹಾಕಿದಂಗೆ ಭಾವ" ಅಂದುಬಿಟ್ಟ. ಅದೇ ತಪ್ಪಾಯಿತು. ಹೆಗಲು, ಎದೆ, ಹಣೆ, ಕೊಂಬು ಎಲ್ಲ ಅವನೇ ಅಂಟಿಸಿದ, ಚೆನ್ನಾಗಿ ಕೂತವು. ಕೊನೆಗೆ ದವಡೆ ಉಳಿಯಿತು, ಅವನು ದವಡೆ ಎತ್ತಿ ಹಿಡಿದುಕೊಂಡು ಭಾವನಿಗೆ ಬೆರೆಸಿಕೊಡೋಕೆ ಹೇಳಿದ. ಆವತ್ತು ಮೋಡ ಮುಚ್ಚಿತ್ತು. ಹಾಲು ಕರೆಯುವ ಮನೆಯವರಿಗೆ ಗೊತ್ತು, ಚಳಿ ದಿನ ಹೆಪ್ಪು ಒಂದು ಚೂರು ಜಾಸ್ತಿ ಹಾಕಬೇಕು, ಇಲ್ಲದಿದ್ದರೆ ಮೊಸರು ನೀರು ನೀರು. ನಮ್ಮ ಯಜಮಾನರು ಅದೇ ಲೆಕ್ಕದಲ್ಲಿ ಧಾರಾಳವಾಗಿ ಸುರಿದರು. ಡಬ್ಬಿ ಕೈ ಸುಡೋಷ್ಟು ಬಿಸಿಯಾಯಿತು, ಹೊಗೆ ಎದ್ದಿತು. ಬೇಗ ಬೇಗ ಅಂತ ಬಳಿದು ದವಡೆ ಕೂರಿಸಿದರು. ಎಡಗಡೆ ಜಾರಿತು, ಎತ್ತೋಷ್ಟರಲ್ಲಿ ಕಲ್ಲಾಗಿತ್ತು.

"ಏನ್ ಭಾವ, ಒಂದ್ ಸೋರೆಬುರುಡೆ ಹೆಪ್ಪು ಹಾಕಿದ್ರಾ?" ಅಂದ ತಮ್ಮ.

"ಮೋಡ ಇತ್ತಲ್ಲಯ್ಯಾ" ಅಂದರು ಇವರು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.

ಬೈಯೋಕೆ ಬಾಯಿ ತೆರೆದವಳು ರಕ್ಕಸನ ಮುಖ ನೋಡಿ ಸುಮ್ಮನಾದೆ. ಎಡಗಡೆ ತುಟಿ ಕೆಳಗೆ ಇಳಿದಿತ್ತು, ಕೆನ್ನೆ ಅದರ ಜೊತೆಗೆ ಎಳೆದುಕೊಂಡ ಹಾಗಿತ್ತು. ಒಂದು ಸಲ ಮಾವನ ಟವಲ್ಲು ಜಾರಿದಾಗ ನಾನು ಅಷ್ಟು ಮಾತ್ರ ಕಂಡಿದ್ದೆ. ಇದು ಅದೇ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದರು ಅನ್ನೋದನ್ನ ಗಾದೆ ಅಂತಲೇ ತಿಳಿದಿದ್ದೆ, ನಮ್ಮ ಪಡಸಾಲೆಯಲ್ಲಿ ನಡೆದೇ ಹೋಯಿತು. ಮೂರು ಜನಕ್ಕೂ ಗೊತ್ತಾಯಿತು. ಒಳಗಡೆ ಮಾವನ ಕೆಮ್ಮು ಕೇಳಿತು. ಇದನ್ನ ಅವರೇನಾದರೂ ನೋಡಿದರೆ, ಮಗ ಸೊಸೆ ಸೇರಿಕೊಂಡು ಊರೆದುರಿಗೆ ತನ್ನನ್ನ ಅಣಕಿಸೋಕೆ ಮಾಡಿಸಿದ್ದಾರೆ ಅಂತಲೇ ತಿಳಿಯೋರು. ಆಮೇಲೆ ಆ ಕೋಣೆಯ ಬಾಗಿಲು ಯಾವತ್ತೂ ತೆರೆಯುತ್ತಿರಲಿಲ್ಲ.

ರೆಸಿನ್ ಮುಗಿದಿತ್ತು. ಭಾನುವಾರ ಗರಗಸ ತರ್ತೀನಿ, ದವಡೆ ಕೊಯ್ದು ಮತ್ತೆ ಕೂರಿಸೋಣ ಅಂತ ತಮ್ಮ ಹೊರಟ. ಹೊರಡೋಕೆ ಮುಂಚೆ ಬಣ್ಣದ ಡಬ್ಬಿಗಳನ್ನ ನನ್ನ ಮುಂದಿಟ್ಟ. ರಂಗೋಲಿ ಹಾಕೋ ಕೈ, ನಿನಗೆ ಬರುತ್ತೆ ಅಂದ. ನಾನು ಹಳೇ ಸೀರೆ ಹರಿದು ರಕ್ಕಸನ ದವಡೆಗೆ ಬಿಗಿಯಾಗಿ ಕಟ್ಟಿದೆ, ಹಲ್ಲುನೋವು ಬಂದವರಿಗೆ ಕಟ್ಟುತ್ತಾರಲ್ಲ ಹಾಗೆ. ಮುಖ ಗೋಡೆ ಕಡೆಗೆ ತಿರುಗಿಸಿದೆ.

ಮಾರನೇ ದಿನದಿಂದ ಮನೆಕೆಲಸ ಮುಗಿಸಿ ಮಧ್ಯಾಹ್ನ ರಕ್ಕಸನ್ನ ನನ್ನ ಕಡೆ ತಿರುಗಿಸಿಕೊಂಡು ಕೂರೋದು. ದವಡೆಗೆ ಬಣ್ಣ ಹಚ್ಚೋಷ್ಟು ಹೊತ್ತು ಮಾತ್ರ ಕಟ್ಟು ಬಿಚ್ಚೋದು, ಒಣಗಿದ ಮೇಲೆ ಮತ್ತೆ ಬಿಗಿಯೋದು. ಉಪ್ಪುಕಾಗದದಲ್ಲಿ ಉಜ್ಜಿ ಕೆಂಪು ಪ್ರೈಮರ್ ಹೊಡೆದೆ, ಒಣಗಿದ ಮೇಲೆ ಹಸಿರು. ಅಲ್ಲಿವರೆಗೆ ಅದು ಬಣ್ಣ ಬಳಿದ ಬಾಗಿಲಿನ ಹಾಗೇ ಇತ್ತು. ಆಮೇಲೆ ತಮ್ಮ ಹೇಳಿಕೊಟ್ಟ ಹಾಗೆ ಕಪ್ಪು ಬಣ್ಣವನ್ನ ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಮೈಯೆಲ್ಲ ಹರಿಯಬಿಟ್ಟು ಬಟ್ಟೆಯಲ್ಲಿ ಒರೆಸಿದೆ. ಮೇಲಿನದು ಹೋಯಿತು, ಸುಕ್ಕಿನೊಳಗಿನದು ನಿಂತಿತು. ಅಯ್ಯೋ ದೇವರೇ, ಆ ಗಳಿಗೆ ನಾನು ಮರೆಯೋದಿಲ್ಲ. ಒಂದೊಂದು ಮಡಿಕೆಯೂ ಎದ್ದು ಬಂತು, ಹಣೆಯ ನರ ಉಬ್ಬಿತು, ಹುಬ್ಬು ಗಂಟಿಕ್ಕಿತು. ಒಣ ಕುಂಚಕ್ಕೆ ತಿಳಿಹಸಿರು ಚೂರೇ ಚೂರು ತಾಗಿಸಿ ಉಬ್ಬಿದ ಕಡೆ ಸವರಿದರೆ ಮೂಗಿಗೆ ಬೆಳಕು ಬಿದ್ದ ಹಾಗಾಯಿತು. ಎತ್ತಿದ ಕುಂಚ ಕೈಯಲ್ಲೇ ಉಳಿಯಿತು. ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ದವನು ಎದುರಿಗೆ ಬಂದು ಕೂತ ಹಾಗಿತ್ತು, ನಾನು ಸೆರಗು ಸರಿಮಾಡಿಕೊಂಡೆ.

ಕಣ್ಣು ಮಾತ್ರ ಕೂಡಲಿಲ್ಲ. ಬಿಳಿ ಬಳಿದು ಗುಡ್ಡೆ ಇಟ್ಟೆ, ಎರಡೂ ಸರಿಸಮ, ರಂಗೋಲಿಯ ಚುಕ್ಕಿ ಹಾಗೆ. ಸತ್ತ ಮೀನಿನ ಕಣ್ಣು. ಒರೆಸಿದೆ, ಬರೆದೆ, ಒರೆಸಿದೆ.

ಹಿಂದೆ ಕೋಲಿನ ಸದ್ದಾಯಿತು. ತಿರುಗಿ ನೋಡಿದರೆ ಮಾವನ ಪಾದ. ಟರ್ಪೆಂಟೈನ್ ವಾಸನೆಗೆ ಬಂದರೋ, ನಾನು ಗೊಣಗಿದ್ದು ಕೇಳಿ ಬಂದರೋ, ಗೊತ್ತಿಲ್ಲ. ಎಷ್ಟೋ ತಿಂಗಳ ಮೇಲೆ ಆ ಹೊಸ್ತಿಲು ದಾಟಿದ್ದರು. ನಾನು ಗಡಬಡಿಸಿ ಎದ್ದು ಸೆರಗು ಎಳೆದುಕೊಂಡು ಕಂಬದ ಮರೆಗೆ ಹೋದೆ. ಕುಂಚ ಕೈಯಲ್ಲೇ ಇತ್ತು. ಅವರು ರಕ್ಕಸನ ಮುಂದೆ ಮಣೆ ಎಳೆದುಕೊಂಡು ಕೂತರು. ಕೊಂಬು ಮುಟ್ಟಿದರು, ಕಿರೀಟ ಮುಟ್ಟಿದರು. ಆಮೇಲೆ ಕೈ ದವಡೆಯ ಕಟ್ಟಿಗೆ ಹೋಯಿತು. ಬೇಡ ಮಾವ ಅನ್ನೋಷ್ಟರಲ್ಲಿ ಒಂದೇ ಕೈಯಲ್ಲಿ ಗಂಟು ಬಿಚ್ಚಿ ಸೀರೆ ಎಳೆದರು.

ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಇವತ್ತಿಗೆ ಮುಗಿಯಿತು ನಮ್ಮ ಕಥೆ ಅಂದುಕೊಂಡೆ. ಅವರು ರಕ್ಕಸನ ಜಾರಿದ ತುಟಿಯ ಮೇಲೆ ಬೆರಳಿಟ್ಟು ಕೆನ್ನೆವರೆಗೆ ಎಳೆದರು. ಅದೇ ಬೆರಳನ್ನ ಟವಲ್ಲಿನೊಳಗೆ ತೂರಿಸಿ ತಮ್ಮ ಕೆನ್ನೆಯ ಮೇಲೂ ಎಳೆದರು. ಆಮೇಲೆ ಟವಲ್ಲು ತೆಗೆದು ರಕ್ಕಸನ ಹೆಗಲ ಮೇಲೆ ಹಾಕಿ ನನ್ನ ಕಡೆಗೆ ತಿರುಗಿದರು. ನಾನು ನೆಲ ನೋಡಿದೆ.

"ಚೂಡಮ್ಮಾ" ಅಂದರು. ನೋಡಮ್ಮಾ ಅಂತ.

ಮಾವನೇ ಹೇಳಿದ ಮೇಲೆ ಯಾವ ಶಾಸ್ತ್ರ. ತಲೆ ಎತ್ತಿದೆ. ಬಣ್ಣ ಹಚ್ಚದ ಮುಖವನ್ನ ಅವತ್ತೇ ಮೊದಲು ನೋಡಿದ್ದು. ಬಲಗಡೆ ಇನ್ನೂ ಅದೇ ರಕ್ಕಸ, ಹುಬ್ಬು ಗರಿಗೆದರಿಕೊಂಡು. ಎಡಗಡೆ ಎಲ್ಲ ಇಳಿದುಹೋಗಿತ್ತು, ಆದರೆ ಆ ಕಣ್ಣು ಮುಚ್ಚಲಾರದೆ ಬಲಗಣ್ಣಿಗಿಂತ ಅಗಲವಾಗಿ ತೆರೆದುಕೊಂಡಿತ್ತು. ಕೆಳರೆಪ್ಪೆ ಜೋತುಬಿದ್ದು ಒಳಗಿನ ಕೆಂಪು ಕಾಣುತ್ತಿತ್ತು. ಅವರು ಬೆರಳಿನಿಂದ ಮೊದಲು ತಮ್ಮ ಕಣ್ಣು ತೋರಿಸಿದರು, ಆಮೇಲೆ ರಕ್ಕಸನದು. ನಾನು ಹತ್ತಿರ ಹೋಗಿ ಕೂತೆ. ಅವರ ಮುಖ ನೋಡೋದು, ಒಂದು ಗೆರೆ ಎಳೆಯೋದು, ಮತ್ತೆ ನೋಡೋದು. ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೆಳರೆಪ್ಪೆಗೆ ಕೆಂಪು ತುಂಬಿ ಎಡಗಣ್ಣಿನ ಗುಡ್ಡೆ ಇಟ್ಟಾಗ ರಕ್ಕಸ ನನ್ನನ್ನ ನೋಡಿದ. ಕೈಯಿಂದ ಕುಂಚ ಬಿತ್ತು. ಮಾವ ಅದನ್ನ ಎತ್ತಿಕೊಟ್ಟು "ಬಾಗುಂದಿ" ಅಂದರು. ಚೆನ್ನಾಗಿದೆ ಅಂದ ಹಾಗೆ. ಹತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಹಾಗೆ ಹೇಳಿರಲಿಲ್ಲ. ನಾನು ಅತ್ತುಬಿಟ್ಟೆ, ಬಣ್ಣದ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಟವಲ್ಲು ಎತ್ತಿಕೊಂಡು ಮತ್ತೆ ಸುತ್ತಿಕೊಂಡು ಅವರು ಕೋಣೆಗೆ ಹೋದರು.

ಭಾನುವಾರ ತಮ್ಮ ಗರಗಸ ತಂದ. ಕಣ್ಣು ನೋಡಿ ಗರಗಸವನ್ನ ಚೀಲದಿಂದ ತೆಗೆಯಲೇ ಇಲ್ಲ. ನಾಟಕದವರೂ ಬಂದಿದ್ದರು. ಅಂಗಳದಲ್ಲಿ ಬೆಂಚಿನ ಮೇಲೆ ರಕ್ಕಸನ್ನ ಕೂರಿಸಿದ್ದೇ ಬೀದಿಯಲ್ಲಿ ಹೋಗೋರೆಲ್ಲ ನಿಂತರು. ಓರೆ ದವಡೆಯಿಂದ ಕಣ್ಣು ಕೀಳದೆ ನೋಡುತ್ತಲೇ ಇದ್ದರು. ನಮ್ಮ ಯಜಮಾನರು ಹಿಂದಿನಿಂದ ಟೊಳ್ಳಿನೊಳಗೆ ತಲೆ ಹಾಕಿ ಮಾತು ಶುರು ಮಾಡಿದರು. ಮಾತು ಪರವಾಗಿಲ್ಲ, ದೊಡ್ಡದಾಗಿಯೇ ಕೇಳಿತು. ಆಮೇಲೆ ನಗು. ಅಷ್ಟು ದೊಡ್ಡ ಬಾಯಿಂದ ಕೋಳಿಮರಿ ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕರು, ದೊಡ್ಡವರು ಮುಖ ಮುಖ ನೋಡಿಕೊಂಡರು.

ಆಗ ಒಳಗಿನಿಂದ ಕೋಲು ಊರಿಕೊಂಡು ಮಾವ ಬಂದರು, ಟವಲ್ಲು ಕಣ್ಣಿನ ಕೆಳಗಿನವರೆಗೂ. ಜನ ದಾರಿ ಬಿಟ್ಟರು. ಮಗನನ್ನ ಭುಜ ಹಿಡಿದು ಎಬ್ಬಿಸಿದರು. ಟವಲ್ಲು ಬಿಚ್ಚಿ ರಕ್ಕಸನ ಹೆಗಲಿಗೆ ಹಾಕಿ ಟೊಳ್ಳಿನೊಳಗೆ ಮುಖ ಇಟ್ಟರು.

ಮೊದಲು ಉಸಿರು ಕೇಳಿತು. ಆಮೇಲೆ ಹೊಟ್ಟೆಯಿಂದ ಎದ್ದು ಬಂತು. ನಗುವಿಗೆ ಮಾತು ಬೇಕಾಗಿರಲಿಲ್ಲ, ನೆಟ್ಟಗಿನ ತುಟಿ ಬೇಕಾಗಿರಲಿಲ್ಲ. ಟೊಳ್ಳಿನೊಳಗೆ ತಿರುಗಿ ಅದು ಮೊದಲಿಗಿಂತ ಎರಡರಷ್ಟಾಗಿ ಆ ಓರೆ ಬಾಯಿಂದ ಸುರಿಯಿತು. ಎಮ್ಮೆ ಹಗ್ಗ ಜಗ್ಗಿತು. ನಕ್ಕಿದ್ದ ಮಕ್ಕಳು ಓಡಿ ತಾಯಂದಿರ ಸೆರಗು ಹೊಕ್ಕವು. ನಮ್ಮ ಯಜಮಾನರು ನಿಂತಲ್ಲೇ ಬಗ್ಗಿ ಅಪ್ಪನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮಾತು ಮಗನದು, ನಗು ಅಪ್ಪನದು ಅಂತ ಅಲ್ಲೇ ತೀರ್ಮಾನವಾಯಿತು.

ಮಾವ ಎದ್ದು ಒಳಗೆ ಹೋಗಲಿಲ್ಲ. ಮೆಲ್ಲಗೆ ನಡೆದುಹೋಗಿ ಜಗಲಿಯ ಮೇಲೆ ಬೀದಿಗೆ ಮುಖ ಮಾಡಿಕೊಂಡು ಕೂತರು. ನಾನು ಕಾಫಿ ತಂದುಕೊಟ್ಟೆ, ಮುಖ ನೋಡಿಯೇ ಕೊಟ್ಟೆ. ಎಡತುಟಿಯಿಂದ ಒಂದು ಚೂರು ಸೋರಿತು, ಅಂಗೈಯಲ್ಲಿ ಒರೆಸಿಕೊಂಡರು. ಟವಲ್ಲು ಅಂಗಳದಲ್ಲಿ ರಕ್ಕಸನ ಹೆಗಲ ಮೇಲೆಯೇ ಇತ್ತು. ಅವರು ಕೇಳಲಿಲ್ಲ, ನಾವ್ಯಾರೂ ತಂದುಕೊಡಲಿಲ್ಲ.